ಸಿರಗುಂದಿಯ ತಾಯಿಲಾಯ

ಸಿರಗುಂದಿ ದೇಸಾಯರ ವಾಡೆ ಇಂದು ಬಹುಪಾಲು ಬಿದ್ದುಹೋಗಿದೆ. ಅದರ ಬಲಕ್ಕಿರುವ ಕುದುರೆ ಲಾಯ ಮಾತ್ರ ಕಟ್ಟಿದ ದಿನದಂತೆಯೇ ನಿಂತಿದೆ. ಕರಿಗಲ್ಲಿನ ಎರಡು ದಪ್ಪ ಗೋಡೆಗಳು, ಅವುಗಳ ನೆತ್ತಿಯಿಂದ ಎದ್ದು ನಡುವೆ ಕೂಡಿಕೊಳ್ಳುವ ಒಂದೇ ಉದ್ದನೆಯ ಕಮಾನು ಚಾವಣಿ. ಈ ತುದಿಯಿಂದ ಆ ತುದಿಯವರೆಗೆ ಒಂದು ಕಂಬವೂ ಇಲ್ಲ. ಕುದುರೆ ಕಟ್ಟುತ್ತಿದ್ದ ಈ ಕಟ್ಟಡವನ್ನು ಊರವರು ತಾಯಿಲಾಯ ಎಂದು ಕರೆಯುತ್ತಾರೆ.

ಹಿಂದೆ ಒಮ್ಮೆ ಇಲ್ಲಿದ್ದದ್ದು ಮರದ ಕಂಬಗಳ ಹಳೆಯ ಲಾಯ. ಆಗಿನ ದೇಸಾಯರ ತಾಯಿ ಗುರುಲಿಂಗವ್ವನ ಕಿರಿಯ ಮಗ ಸಂಗಣ್ಣ ಅಲ್ಲಿ, ಬೆದರಿದ ತನ್ನ ಕುದುರೆಗೂ ಕಂಬಕ್ಕೂ ನಡುವೆ ಸಿಕ್ಕು ಸತ್ತನಂತೆ. ಆಕೆ ಕುದುರೆಯನ್ನು ದೂರಲಿಲ್ಲ. ಹಿರಿಯ ಮಗ ಮಹಾಲಿಂಗ ದೇಸಾಯಿಯನ್ನು ಕರೆದು, ಕಂಬವೇ ಇಲ್ಲದ ಲಾಯ ಕಟ್ಟಿಸು ಎಂದಳು. ಅಷ್ಟು ಅಗಲದ ಚಾವಣಿಯನ್ನು ಬರಿಯ ಗೋಡೆಗಳ ಮೇಲೆ ನಿಲ್ಲಿಸಲು ಕಲ್ಲು ಕಟ್ಟುವ ಗೌಂಡಿಗಳೆಲ್ಲ ಹಿಂಜರಿದರು. ಮಾನಪ್ಪನೆಂಬ ಮುದುಕ ಮಾತ್ರ ಒಪ್ಪಿಕೊಂಡ. ಮರದ ಆಸರೆಗಳನ್ನು ಒತ್ತಾಗಿ ನಿಲ್ಲಿಸಿ, ಅವುಗಳ ಮೇಲೆ ಕಲ್ಲಿಗೆ ಕಲ್ಲು ಗಾರೆಯಲ್ಲಿ ಕೂಡಿಸಿ ಕಮಾನು ಮುಗಿಸಿದ. ಆದರೆ ಆಸರೆ ತೆಗೆಯುವ ದಿನ, ಕಮಾನು ಕುಸಿದೀತೆಂದು ಆಳುಗಳು ಯಾರೂ ಒಳಗೆ ಕಾಲಿಡಲಿಲ್ಲ. ಮಾನಪ್ಪ ಆಸರೆ ಬಡಿದು ಉರುಳಿಸುವ ಕೊಡತಿ ಹಿಡಿದು ಒಬ್ಬನೇ ಹೊರಟ. ಅವನು ಒಂಟಿಯಾಗಿ ಒಳಹೋಗುವುದನ್ನು ಗುರುಲಿಂಗವ್ವ ಕಂಡಳು. ಸೆರಗು ಹೊದ್ದು ಅವನ ಹಿಂದೆಯೇ ನಡೆದು, ಕಮಾನಿನ ನಟ್ಟನಡುವೆ ನೆಲದ ಮೇಲೆ ಕೂತುಬಿಟ್ಟಳು.

“ಅವ್ವಾ, ಹೊರಗ ಬಾ,” ಎಂದು ದೇಸಾಯಿ ಬಾಗಿಲಲ್ಲಿ ನಿಂತು ಬೇಡಿಕೊಂಡ.

“ಕಂಬ ಬ್ಯಾಡ ಅಂದಾಕಿ ನಾನು. ಅದಕ್ಕ ಈ ಮುದುಕ ಒಬ್ಬನ ಯಾಕ ಸಾಯಬೇಕು? ಮಾನಪ್ಪ, ನೀ ಹೊಡಿ,” ಎಂದಳು ಆಕೆ.

ಮೊದಲ ಆಸರೆ ಉರುಳಿತು. ಗಾರೆಯ ಪುಡಿ ಆಕೆಯ ತಲೆಯ ಮೇಲೆ ಉದುರಿತು. ಅದನ್ನು ಕಂಡ ದೇಸಾಯಿ ತಾನೂ ಒಳಗೆ ಬಂದು ತಾಯಿಯ ಪಕ್ಕ ಕೂತ. ಆಮೇಲೆ ಆಳುಗಳೂ ಒಬ್ಬೊಬ್ಬರಾಗಿ ಬಂದು ಕೊಡತಿ ಎತ್ತಿದರು. ಕೊನೆಯ ಆಸರೆ ಬಿದ್ದಾಗ ಇಡೀ ಚಾವಣಿ ನಿಟ್ಟುಸಿರು ಬಿಟ್ಟಂತೆ ಸದ್ದುಮಾಡಿ, ತನ್ನ ಭಾರವನ್ನು ಗೋಡೆಗಳಿಗೆ ಒಪ್ಪಿಸಿ ನಿಂತಿತು ಎನ್ನುತ್ತಾರೆ. ಗುರುಲಿಂಗವ್ವ ತಲೆಯ ಮೇಲಿನ ಪುಡಿ ಕೊಡವಿಕೊಂಡು ಎದ್ದು, “ಸಂಗಣ್ಣನ ಕುದುರಿ ಮೊದಲ ತಂದು ಕಟ್ಟರಿ,” ಎಂದಳು.

ಈಗ ಇಲ್ಲಿ ಕುದುರೆಗಳಿಲ್ಲ. ಹೊರಗಿನ ಊರುಗಳಿಂದ ನೋಡಲು ಬಂದವರು ಬಾಗಿಲಲ್ಲೇ ನಿಂತು, ತಲೆಯೆತ್ತಿ, ಒಳಗೆ ಹೋಗಲೋ ಬೇಡವೋ ಎಂದು ಅನುಮಾನಿಸುತ್ತಾರೆ. ಊರವರಿಗೆ ಆ ಅನುಮಾನವಿಲ್ಲ. ಗುಡುಗು ಮಳೆ ಜೋರಾದರೆ ಹೆಂಗಸರು ಮಣ್ಣಿನ ಮಾಳಿಗೆ ಮನೆಗಳನ್ನು ಬಿಟ್ಟು, ಕೂಸುಗಳನ್ನು ಎತ್ತಿಕೊಂಡು ಬಂದು ಇದರೊಳಗೇ ಮಲಗಿಸುತ್ತಾರೆ.