ಎಳೆ ಹರಿದವರಿಗೆ ಬೆಲ್ಲ

"ಎಳಿ ಹರಿದವರು ನಾಳಿಂದ ಬರಬ್ಯಾಡ್ರಿ!" ಎಂದು ಮಗ್ಗದ ಸಾವ್ಕಾರ ಸಂಗಪ್ಪ ಗುಡುಗಿದ್ದೇ ತಡ, ನೇಕಾರರೆಲ್ಲ ಹರಿದದ್ದನ್ನು ಮುಚ್ಚಿಟ್ಟು ನೇಯತೊಡಗಿದರು. ನೇಯ್ಗೆಯಲ್ಲಿ ದೋಷ ಕಂಡು ಸೀರೆಗಳು ಪೇಟೆಯಿಂದ ವಾಪಸ್ ಬಂದವು.

"ಯಾರ ಕೆಲಸ ಇದು? ಸಂಜಿಯೊಳಗ ಹೆಸರು ಹೇಳು," ಎಂದು ಅವನು ಹಿರಿಯ ನೇಕಾರ್ತಿ ನೀಲವ್ವನನ್ನು ಹಿಡಿದ.

ನೀಲವ್ವ ಸಾವಕಾಶ ಅಂದಳು: "ಹೇಳ್ತೀನ್ರಿ. ಇವತ್ತೊಂದಿನ, ಎಳಿ ಹರೀತು ಅಂತ ಕೂಗಿದವರಿಗೆ ನೀವ ಇಲ್ಲಿ ಕುಂತು ಚೂರು ಬೆಲ್ಲ ಕೊಡ್ರಿ."

ಸಾವ್ಕಾರ ಗೊಣಗುತ್ತ ಬೆಲ್ಲದ ಡಬ್ಬಿ ಹಿಡಿದು ಕುಳಿತ. ಸೆಕೆಯೆಂದು ದಿನದಂತೆ ತನ್ನ ದೊಡ್ಡ ಫ್ಯಾನು ಹಚ್ಚಿದ. ಒಣಗಾಳಿಗೆ ನೂಲು ಒಣಗಿ ಪಟಪಟ ಹರಿದು, ಎಲ್ಲ ಮಗ್ಗಗಳಿಂದ "ಎಳಿ ಹರೀತು!" ಎಂಬ ಕೂಗೆದ್ದಿತು. ಫ್ಯಾನು ಆರಿಸಿ ಬೆಲ್ಲ ಹಂಚಲು ಎದ್ದ, ಕೂಗು ನಿಂತಿತು. ಬಂದು ಮತ್ತೆ ಹಚ್ಚಿದ, ಮತ್ತೆ ಕೂಗು.

ಸಾವ್ಕಾರ ಫ್ಯಾನನ್ನೇ ನೋಡುತ್ತ ನಿಂತ. ಅದನ್ನು ಆರಿಸಿ, ಡಬ್ಬಿಯನ್ನು ನೀಲವ್ವನ ಕೈಗಿಟ್ಟು, ಮೆಲ್ಲಗೆ ಅಂಗೈ ಚಾಚಿದ.

"ಹರಿದಾಂವ ನಾನ. ನನಗೂ ಒಂದು ಚೂರು ಕೊಡು."