ಕೆಂಚವ್ವ ಎಸೆದ ಹೆಂಟೆ

ಬಲು ಹಿಂದೆ, ಈ ಕಡಲ ದಡದವರಾದ ನೀವು ಕಂಡಿರದ ನಮ್ಮ ಬಂಡೆಗುಡ್ಡದ ಸೀಮೆಯ ಒಂದೂರಿನಲ್ಲಿ, ಮೇದಾರ ಕೆಂಚವ್ವ ಅಂತ ಒಬ್ಬಳಿದ್ದಳಂತೆ. ಬುಟ್ಟಿ ಹೆಣೆಯುವವಳು. ಕೂತಲ್ಲಿ ಕೂರುವವಳಲ್ಲ, ಹೆಣಿಗೆಯ ನಡುವೆ ಎದ್ದೆದ್ದು ಗುಡ್ಡ ನೋಡಿ ಬರುವವಳು.

ಆ ಊರಿನವರು ಗೂಬೆ ಕಂಡರೆ ಕವಣೆ ಬೀಸುತ್ತಿದ್ದರಂತೆ. ಬಿದ್ದದ್ದನ್ನು ಕೆಂಚವ್ವ ಸೆರಗಿನಲ್ಲಿ ಸುತ್ತಿ ತರುತ್ತಿದ್ದಳು, ಮುರಿದ ರೆಕ್ಕೆಗೆ ಬಿದಿರಿನ ಸೀಳು ಕಟ್ಟುತ್ತಿದ್ದಳು, ಬುಟ್ಟಿ ಕವುಚಿ ಅದರಡಿಗೆ ಇಲಿ ತಳ್ಳುತ್ತಿದ್ದಳು. ಬುಟ್ಟಿಯ ಹತ್ತಿರ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಮನುಷ್ಯರ ದನಿಗೆ ಪಳಗಿದ ಗೂಬೆ ಮನುಷ್ಯರ ಬಳಿಗೇ ಬರುತ್ತದೆ, ಬಂದರೆ ಸಾಯುತ್ತದೆ ಅಂತ.

ಒಂದು ಚಳಿಗಾಲ ಅವಳ ಗಂಡ ತೀರಿಕೊಂಡ. ಮನೆಯಲ್ಲಿ ಮಾತೇ ಇಲ್ಲದಾಯಿತು. ಆಗ ಬುಟ್ಟಿಯಡಿ ಇದ್ದದ್ದು ಒಂದು ಎಳೆಯ ಗೂಬೆ. ಕೆಂಚವ್ವ ತಡೆಯಲಾರದೆ, "ಉಂಡ್ಯೇನೋ ಗುಮ್ಮಣ್ಣಾ?" ಅಂದುಬಿಟ್ಟಳಂತೆ. ಆಮೇಲೆ ದಿನವೂ ಅಂದಳಂತೆ.

ರೆಕ್ಕೆ ಕೂಡಿತು, ಗುಡ್ಡಕ್ಕೆ ಬಿಟ್ಟಳು. ಒಂದು ಮುಸ್ಸಂಜೆ ಅದು ಹೆಂಗಸರ ಮಾತು ಕೇಳಿ ಗೌಡರ ಮನೆಯ ಬೆಳಕಿಂಡಿಯಿಂದ ಒಳಗಿಳಿದು ತೊಲೆಯ ಮೇಲೆ ಕೂತಿತು. ನಮ್ಮ ಕಡೆ ಗೂಬೆ ಹೊಕ್ಕ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೊರಗಿರಬೇಕು. ಒಳಗೆ ಜ್ವರದ ಬಾಣಂತಿ ಸೊಸೆ, ಹೊರಗೆ ಕೊರೆಯುವ ಗಾಳಿ. ಕೊಂದರೆ ದೋಷ ಕಳೆಯುತ್ತದೆ ಅಂತ ಗೌಡ ದೊಣ್ಣೆ ಎತ್ತಿದ.

ಕೆಂಚವ್ವ ಓಡಿ ಬಂದಳು. "ಬುಟ್ಟಿ ಹೆಣಿಯೋದು ಬಿಟ್ಟು ಶನಿ ಸಾಕ್ತೀಯೇನೇ?" ಅಂದಳು ಗೌಡನ ತಾಯಿ.

"ನಿಮ್ಮನೀಗೆ ಬಂದಿಲ್ಲ ಗೌಡ್ತಿ, ನನ್ನ ದನಿ ಹುಡುಕ್ಕೊಂಡು ಬಂದೈತೆ. ಬಾರೋ ಗುಮ್ಮಣ್ಣಾ!"

ಅದು ಇಳಿದು ಅವಳ ಮುಂಗೈ ಮೇಲೆ ಕೂತಿತಂತೆ. ಹಾಗಾದರೆ ಮನೆಗೆ ದೋಷವಿಲ್ಲ, ಬಾಣಂತಿ ಒಳಗೇ ಇರಲಿ ಅಂದರು ಹಿರಿಯರು. ಆದರೆ ಇನ್ನೊಂದು ಸಲ ಬಂದರೆ ಉಳಿಸುವುದಿಲ್ಲ ಅಂದರು.

ಆಗ ಕೆಂಚವ್ವ ಗುಡ್ಡದ ಬುಡದಲ್ಲಿ ಅದನ್ನು ಬಿಟ್ಟು ಮಣ್ಣಿನ ಹೆಂಟೆ ಎಸೆದಳಂತೆ. ಅದು ಹೆಗಲಿಗೇ ಬಂತು. ಮತ್ತೆ ಎಸೆದಳು. ಸಂಜೆಯಾದರೆ ಅದು ಬರುವುದು, ಸಂಜೆಯಾದರೆ ಇವಳು ಬೈದು ಬೈದು ಎಸೆಯುವುದು. ಕೊನೆಗೊಂದು ಸಂಜೆ ಇವಳ ದನಿ ಕೇಳಿದ್ದೇ ಹೆದರಿ ಬಂಡೆಯಾಚೆ ಹಾರಿತಂತೆ. ಬದುಕಿತು ಅಂದಳಂತೆ. ಆಮೇಲೆ ಅವಳು ಒಂದು ಸಂಜೆಯೂ ಮನೆಯಲ್ಲಿ ಕೂರಲಿಲ್ಲವಂತೆ, ಬಾಯಿಗೆ ಸೆರಗೊತ್ತಿ ಗುಡ್ಡ ಸುತ್ತುತ್ತಿದ್ದಳಂತೆ.

ಇವತ್ತಿಗೂ ಆ ಊರಲ್ಲಿ ಪೆಟ್ಟಾದ ಗೂಬೆ ಸಿಕ್ಕರೆ ಬುಟ್ಟಿ ಕವುಚುತ್ತಾರೆ, ಜಗಳಕ್ಕೆ ನಿಂತ ಅತ್ತೆ ಸೊಸೆಯರೂ ಬಾಯಿ ಮುಚ್ಚುತ್ತಾರೆ. ವಾಸಿಯಾಗಿ ಹಾರುವಾಗ ಅದರ ಹಿಂದೆ ಒಂದು ಹೆಂಟೆ ಎಸೆಯುತ್ತಾರೆ, ತಾಗದ ಹಾಗೆ.