ಗಿರಿಜಕ್ಕನನ್ನು ಅಳಿಸಿದ ಕರವಸ್ತ್ರ

ಇದನ್ನು ನನಗೆ ಮೊದಲು ಹೇಳಿದವರು ಮನಃಶಾಸ್ತ್ರ ಕಲಿಸುತ್ತಿದ್ದ ಮಂದಾಕಿನಿ ಮೇಡಂ.

ಬಜ್ಜಿ ಅಂಗಡಿಯ ಗಿರಿಜಕ್ಕನ ಸೊಂಟದಲ್ಲೊಂದು ಕರವಸ್ತ್ರವಿತ್ತು. ಅದು ಈಳಿಗೆಮಣೆಯ ಹತ್ತಿರ ಗೋಳಾಡಿತು: "ನಾನು ಹೊರಗೆ ಬಂದಾಗಲೆಲ್ಲ ಅಕ್ಕ ಅಳುತ್ತಾರೆ. ಒಂದು ದಿನವೂ ತಪ್ಪಿಲ್ಲ. ನಾನೇ ಪಾಪಿ, ಎಲ್ಲಾದರೂ ಹೊರಟುಹೋಗುತ್ತೇನೆ."

"ಎರಡು ಸಂಗತಿ ಜೊತೆಯಲ್ಲಿ ಬಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಹೆತ್ತಂತಾಯಿತೇನಯ್ಯಾ?" ಎಂದಿತು ಈಳಿಗೆಮಣೆ, ಈರುಳ್ಳಿ ಸೀಳುತ್ತಲೇ. "ನಾಳೆ ಒಂದು ದಿನ ಅಡಗಿ ಕುಳಿತು ನೋಡು."

ಮರುದಿನ ಕರವಸ್ತ್ರ ಕಡಲೆಹಿಟ್ಟಿನ ಡಬ್ಬಿಯ ಹಿಂದೆ ಅಡಗಿತು. ಅಕ್ಕ ಎಂದಿನಂತೆ ಅತ್ತರು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬದುಕಿದೆ!" ಎಂದು ಕರವಸ್ತ್ರ ಕುಣಿಯಿತು.

ಅಷ್ಟರಲ್ಲಿ ಸೆರಗು ಬಿಕ್ಕಿತು: "ಅಯ್ಯೋ, ಇವತ್ತು ನಾನು ಕೈಗೆ ಬಂದೆ, ಅಕ್ಕ ಅತ್ತರು! ನಾನೇ ಪಾಪಿ!"

ಬುಟ್ಟಿಯಲ್ಲಿದ್ದ ಈರುಳ್ಳಿಗಳು ತುಟಿ ಬಿಚ್ಚಲಿಲ್ಲ.

ನಿಮಗೆ ಗೊತ್ತಿರುವ ಸೆರಗು ಯಾವುದಾದರೂ ಹೀಗೆ ಕೊರಗುತ್ತಿದ್ದರೆ, ದಯವಿಟ್ಟು ಈ ಕಥೆ ಮುಟ್ಟಿಸಿ.